ಯುಗಾದಿಯ ಸಂಕಲ್ಪ, ಭಾದ್ರಪದದ ಲೆಕ್ಕ

ಚೈತ್ರದಿಂದ ಆರು ಮಾಸಗಳು ಸಂದವು. ನಿತ್ಯವೂ 10 ವಚನಗಳಿಗೆ ಟೀಕೆ ಬರೆಯುವೆನೆಂದು ಯುಗಾದಿಯಂದು ಸಂಕಲ್ಪಿಸಿದ್ದೆನು. ಈಗ ಎಣಿಸಿ ನೋಡಿದರೆ ಅದು ದಿನಕ್ಕೆ ಮೂರಕ್ಕೆ ಬಂದು ನಿಂತಿದೆ. ರಾತ್ರಿ ದೀಪದೆದುರು ಕಣ್ಣು ಸೋಲುತ್ತದೆ; ಬೆಳಗಾದರೆ ಪಾಠಶಾಲೆಯ ಮಕ್ಕಳ ಮೇಲೆ ಸಿಡುಕುತ್ತೇನೆ. ಅವರದೇನು ತಪ್ಪು?

12ನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ತಂದರು. ಪತ್ನಿ ಲಕ್ಕಮ್ಮನವರು ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಆ ತಾಯಿ ಬಿಡಿಸಿದ್ದು ಆಸೆಯನ್ನು, ಕಾಯಕವನ್ನಲ್ಲ. ಆಲಸಿಗಳು ಇದನ್ನು ಗಮನಿಸಬೇಕು.

ನನ್ನ ಹತ್ತರಲ್ಲಿ ಭಕ್ತಿಯೆಷ್ಟು, ಗ್ರಂಥಕರ್ತನೆನಿಸುವ ಹಂಬಲವೆಷ್ಟು? ಏಳನ್ನು ಸುರಿದು ಬಂದಿದ್ದೇನೆ. ಇನ್ನು ಮೂರೇ, ಅದೂ ಮಕ್ಕಳ ಪಾಠ ಮುಗಿದ ಬಳಿಕ.