ಕಾಣದ ಕೆಲಸದ ಧರ್ಮ

ಯಾರೂ ನೋಡದ ಕೆಲಸದಲ್ಲಿ ಮನುಷ್ಯನು ಯಾರಿಗೆ ಹೊಣೆಗಾರನು? ಈ ಪ್ರಶ್ನೆಗೆ ಉತ್ತರವನ್ನರಸಿ ಶಾಸ್ತ್ರಗ್ರಂಥಗಳವರೆಗೆ ಹೋಗಬೇಕಾಗಿಲ್ಲ. ಬಳ್ಳಾರಿಯ ಯಾವುದಾದರೊಂದು ಗ್ಯಾರೇಜಿನಲ್ಲಿ ಹಳೆಯ ಕಾರಿನ ಡಿಸ್ಕ್ ಬ್ರೇಕನ್ನು ಬಿಚ್ಚಿ ಜೋಡಿಸುವುದನ್ನು ನೋಡಿದರೆ ಸಾಕು.

ಇಂಗ್ಲೆಂಡಿನ ಲ್ಯಾಂಚೆಸ್ಟರನು ೧೯೦೨ರಲ್ಲಿ ಪೇಟೆಂಟ್ ಪಡೆದ ಈ ಸಾಧನದಲ್ಲಿ, ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆಯನ್ನು ಎರಡು ಪ್ಯಾಡುಗಳು ಇಕ್ಕೆಲಗಳಿಂದ ಒತ್ತಿ ಹಿಡಿಯುವುವು. ಸವೆದ ಪ್ಯಾಡುಗಳನ್ನು ಎಡಬಲದ ಎರಡು ಗಾಲಿಗಳಿಗೂ ಒಟ್ಟಿಗೆ ಬದಲಿಸತಕ್ಕದ್ದು. ಇಲ್ಲವಾದರೆ ಗಾಡಿಯು ಒಂದು ಮಗ್ಗುಲಿಗೆ ಎಳೆಯುವುದು. ಪ್ಯಾಡು ಸರಿಯುವ ಎಡೆಯ ತುಕ್ಕನ್ನು ಕೆರೆಯಬೇಕು. ಅದರ ಉಜ್ಜುವ ಮೈಗೆ ಗ್ರೀಸು ತಾಕಕೂಡದು. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಹಳತಾದ ಎಣ್ಣೆಯು ಕಾವಿಗೆ ಬೇಗನೆ ಕುದಿದು ಆವಿಯಾದರೆ ಪೆಡಲನ್ನು ಎಷ್ಟು ತುಳಿದರೂ ಹಿಡಿತವುಂಟಾಗದು. ಜೋಡಣೆ ಮುಗಿದ ಮೇಲೂ, ಪೆಡಲು ಗಟ್ಟಿಯಾಗುವವರೆಗೆ ಒತ್ತಿನೋಡದೆ ಗಾಡಿಯನ್ನು ಕದಲಿಸಬಾರದು.

ಗಾಲಿಯನ್ನು ಕೂರಿಸಿದೊಡನೆ ಇದೆಲ್ಲವೂ ಮರೆಯಾಗುವುದು. ಒಡೆಯನಿಗೆ ಕಾಣುವುದು ಹಣದ ಚೀಟಿಯಷ್ಟೆ. ಕೂಲಿ ಕೊಟ್ಟವನಿಗೆ ಮಾತ್ರ ಕೆಲಸಗಾರನು ಹೊಣೆಯೆಂದರೆ ಅದು ಅರ್ಧ ಸತ್ಯ. ಸಿರುಗುಪ್ಪದ ಭತ್ತದ ಗದ್ದೆಯಿಂದ ರಸ್ತೆಯಂಚಿನಲ್ಲಿ ಮರಳುವ ಹೆಂಗಸೂ, ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ನಡೆದುಹೋಗುವ ವೃದ್ಧನೂ ಆ ಗ್ಯಾರೇಜನ್ನು ಕಂಡವರಲ್ಲ. ಆದರೂ ಅವರ ಪ್ರಾಣವು ಆ ಕೈಗಳಲ್ಲಿರುವುದು.

ಹೊಣೆಯು ಕೆಲಸಗಾರನೊಬ್ಬನದೇ ಎಂದು ನಾವು ನಿಶ್ಚಿಂತರಾಗಲಾಗದು. ನಾಲ್ಕು ಕಾಸು ಉಳಿಸಲೆಂದು “ಒಂದೇ ಗಾಲಿಗೆ ಸಾಕು, ಎಣ್ಣೆ ಹಳೆಯದೇ ಇರಲಿ” ಎಂದು ಚೌಕಾಸಿ ಮಾಡುವ ಒಡೆಯನು ಆ ಅಪರಿಚಿತರ ಪ್ರಾಣವನ್ನು ಅವರನ್ನು ಕೇಳದೆಯೇ ಒತ್ತೆಯಿಟ್ಟಂತಾಯಿತು. ಕೇಳಲು ಬಾರದವರ ಋಣವನ್ನೂ ತೀರಿಸತಕ್ಕದ್ದೇ ಧರ್ಮವೆಂದು ವಾಚಕರು ಭಾವಿಸುವರಾಗಿ ನಂಬುತ್ತೇನೆ.