ಕಾಡಿನ ಮರಿಯೂ ಭಕ್ತನ ದಾಸೋಹವೂ

ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ಗಂಗಾವಳಿ ಹೊಳೆಯ ಸೀಮೆಯಲ್ಲಿ ರಾಮನಗುಳಿ ಎಂಬ ಊರಿದೆ. ಸುತ್ತಲೂ ಕಾಡು, ನಡುವೆ ಹಗಲಿರುಳು ಲಾರಿಗಳ ಸಂಚಾರ. ಇಂತಹ ದಾರಿಯಲ್ಲಿ ಕಾಲು ಮುರಿದ ಜಿಂಕೆಯೋ, ರೆಕ್ಕೆ ಜಜ್ಜಿದ ಮಂಗಟ್ಟೆ ಹಕ್ಕಿಯೋ ಕಣ್ಣಿಗೆ ಬಿದ್ದಾಗ ಭಕ್ತನಾದವನು ಏನು ಮಾಡತಕ್ಕದ್ದು?

ದಯೆ ತೋರತಕ್ಕದ್ದೆಂಬುದರಲ್ಲಿ ಸಂದೇಹವಿಲ್ಲ. ಬಸವಣ್ಣನವರು ದಯೆಗೆ ಮನುಷ್ಯಕುಲವನ್ನೇ ಎಲ್ಲೆಯಾಗಿ ಇಡಲಿಲ್ಲ. ಆದರೆ ಅರಿವಿಲ್ಲದ ದಯೆಯೂ ಕೊಲ್ಲಬಲ್ಲುದು. ತಾಯಿಜಿಂಕೆ ಎಳೆಮರಿಯನ್ನು ಹುಲ್ಲುಪೊದೆಯಲ್ಲಿ ಅಡಗಿಸಿಟ್ಟು ಮೇಯಲು ಹೋಗುವುದುಂಟು. ಕಂಡವರು ಅದನ್ನು ಅನಾಥವೆಂದು ಬಗೆದು ಮನೆಗೆ ತರುವರು. ಆಕಳ ಹಾಲು ಕುಡಿಸುವರು. ಅದು ಒಗ್ಗದೆ ಮರಿಗೆ ಭೇದಿ ಹತ್ತುವುದು. ಮಕ್ಕಳೆಲ್ಲ ನೆರೆದು ಮೈದಡವಿದರೆ ಆ ಭಯವೊಂದೇ ಪ್ರಾಣ ಹೋಗಲು ಸಾಕು. ತಾಯಿಯಾದರೋ ಬರಿದಾದ ಪೊದೆಯ ಬಳಿ ಹುಡುಕುತ್ತಿರುವುದು. ಇದನ್ನು ಸೇವೆಯೆನ್ನಬಹುದೇ?

ಮಂಗಟ್ಟೆಯ ಸಂಗತಿ ಇನ್ನೂ ಮನಕರಗಿಸುವಂಥದು. ಹೆಣ್ಣು ಮರದ ಪೊಟರೆಯೊಳಗೆ ಕುಳಿತು ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಗಂಡು ಸಣ್ಣ ಸೀಳಿನಿಂದ ಹಣ್ಣು ತಂದುಣಿಸುತ್ತದೆ. ಬೇಸಗೆಯಲ್ಲಿ ರಸ್ತೆಗೆ ಬಿದ್ದ ಒಂದು ಗಂಡುಹಕ್ಕಿಯ ಹಿಂದೆ ಹಸಿದ ಸಂಸಾರವೇ ಇದ್ದೀತು.

ಆದುದರಿಂದ ಗಾಯವಿಲ್ಲದ ಮರಿಯನ್ನು ಮುಟ್ಟದೆ ದೂರದಿಂದ ನೋಡಬೇಕು. ಗಾಯಗೊಂಡ ಹಕ್ಕಿಗೆ ಗಾಳಿಯಾಡುವ ಪೆಟ್ಟಿಗೆ, ಕತ್ತಲೆ, ಮೌನ ಇಷ್ಟಿದ್ದರೆ ಸಾಕು. ಒಡನೆಯೇ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸಬೇಕು. ಜಿಂಕೆಯಂಥ ಕಾಡುಪ್ರಾಣಿಯನ್ನು ಮನೆಯಲ್ಲಿ ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಒಪ್ಪದು.

ಕಾಯಿದೆಗಿಂತ ಮಿಗಿಲಾದುದು ದಾಸೋಹದ ನಿಯಮ. ನೀಡಿದವನು ‘ನಾನು ನೀಡಿದೆ’ನೆಂದರೆ ಅದು ದಾಸೋಹವಲ್ಲ. ‘ನಾನು ಸಾಕಿದ ಜಿಂಕೆ’ ಎಂಬ ಅಭಿಮಾನವೂ ಅಂತಹುದೇ. ಮನುಷ್ಯರ ಅಂಜಿಕೆ ಬಿಟ್ಟ ಜಿಂಕೆ ನಾಯಿಗೂ ಬೇಟೆಗಾರನಿಗೂ ಸುಲಭದ ತುತ್ತು. ಅದು ಸಾಕಿದವನನ್ನು ಮರೆತು ಕಾಡು ಸೇರಿತೆಂದರೆ ಉಪಚಾರ ಫಲಿಸಿತು.

ಎಲ್ಲ ಪ್ರಾಣಿಗಳೂ ಮರಳಲಾರವು. ಬನ್ನೇರುಘಟ್ಟದ ಕರಡಿಗಳ ಆಸರೆಗೆ ಬಂದವುಗಳ ಮೂಗಿಗೆ ಹಗ್ಗ ಪೋಣಿಸಲಾಗಿತ್ತು, ಹಲ್ಲು ಕೀಳಲಾಗಿತ್ತು. ಕಾಡಿನಲ್ಲಿ ಬಾಳುವ ಶಕ್ತಿ ಅವಕ್ಕೆ ಉಳಿದಿರಲಿಲ್ಲ. ದೇಶದ ಕೊನೆಯ ಕುಣಿತದ ಕರಡಿಯೆಂದು ಹೆಸರಾದ ರಾಜು 2009ರಲ್ಲಿ ಅಲ್ಲಿಗೇ ಬಂದಿತು. ಅದನ್ನು ಆಡಿಸುತ್ತಿದ್ದ ಕಲಂದರರ ಹೊಟ್ಟೆಯ ಪಾಡೇನೆಂದು ಆಗ ಯಾರಾದರೂ ಕೇಳಲೇಬೇಕಿತ್ತು; ಕೇಳಿದರು ಕೂಡ. ಕರಡಿಯನ್ನು ಒಪ್ಪಿಸಿದ ಕುಟುಂಬಗಳಿಗೆ ಆಟೋ ಓಡಿಸುವ, ಸಣ್ಣ ಅಂಗಡಿ ನಡೆಸುವ ಬೇರೆ ಕಾಯಕಗಳು ದೊರೆತವು. ಅವರ ಮಕ್ಕಳು ಶಾಲೆಗೆ ಹೋದರು.