ವೃತ್ತವೂ ಸದ್ವೃತ್ತವೂ

ಸಂಸ್ಕೃತದಲ್ಲಿ 'ವೃತ್ತ' ಎಂಬ ಶಬ್ದಕ್ಕೆ ದುಂಡಗಿನ ಆಕೃತಿ ಎಂಬುದು ಒಂದು ಅರ್ಥ. ನಡತೆ ಎಂಬುದು ಮತ್ತೊಂದು. ಒಳ್ಳೆಯ ನಡತೆಯುಳ್ಳವನನ್ನು ಸದ್ವೃತ್ತನೆಂದೂ ಕೆಟ್ಟ ನಡತೆಯವನನ್ನು ದುರ್ವೃತ್ತನೆಂದೂ ಹಿರಿಯರು ಕರೆದರು. ವರ್ತುಲವೂ ವರ್ತನೆಯೂ ಒಂದೇ ಧಾತುವಿನಿಂದ ಹುಟ್ಟಿದ ಮಾತುಗಳು. ಊರಿನ ನಾಲ್ಕು ದಾರಿಗಳು ಕೂಡುವ ಸ್ಥಳಕ್ಕೆ ಇಂದು ವೃತ್ತವೆಂದೇ ಹೆಸರು. ಅಲ್ಲಿ ವಾಹನವನ್ನು ತಿರುಗಿಸುವ ರೀತಿಯಲ್ಲಿಯೇ ಮನುಷ್ಯನ ನಡತೆಯೂ ಬಯಲಾಗುವುದನ್ನು ಕಂಡರೆ, ಆ ಶಬ್ದದ ಎರಡು ಅರ್ಥಗಳೂ ಅಲ್ಲಿ ಒಂದಾದುವೆನ್ನಬೇಕು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸದ್ಗೃಹಸ್ಥರಿಗೆ ಇದು ದೂರದ ವಿಷಯವಲ್ಲ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ವೇಗಮಾರ್ಗವು ಉದ್ಘಾಟನೆಗೊಂಡಿತು; ದೂರಪ್ರಯಾಣದ ವಾಹನಗಳು ರಾಮನಗರ, ಚನ್ನಪಟ್ಟಣಗಳ ಪೇಟೆಯನ್ನು ಹೊಗದೆ ಹೊರಗಿನಿಂದಲೇ ಸಾಗುವಂತಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲವೆಂದು ವಿಧಿಸಲಾಯಿತು. ಹೀಗೆ ಹೆದ್ದಾರಿಯಲ್ಲಿ ವೇಗಿಗಳೂ ನಿಧಾನಿಗಳೂ ಬೇರೆಬೇರೆಯಾದರು. ಆದರೆ ಊರಿನ ವೃತ್ತದಲ್ಲಿ ಅವರೆಲ್ಲರೂ ಮತ್ತೆ ಕೂಡಲೇಬೇಕು. ಅಲ್ಲಿ ಅವರ ನಡುವೆ ಬೇಲಿಯಿಲ್ಲ. ಇರುವುದು ಒಬ್ಬರ ಮೇಲೊಬ್ಬರಿಗಿರುವ ನಂಬಿಕೆಯೊಂದೇ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಮುಂಜಾನೆ ಹರಾಜಿನ ಹೊತ್ತಿಗೆ ಮಾರುಕಟ್ಟೆಯನ್ನು ಮುಟ್ಟಬೇಕೆಂದು ರೈತನೊಬ್ಬನು ರೇಷ್ಮೆಗೂಡಿನ ಚೀಲಗಳನ್ನು ಆಟೋದಲ್ಲಿ ಹೇರಿಕೊಂಡು ಬರುತ್ತಾನೆ. ವೃತ್ತವನ್ನು ಹೊಕ್ಕವನು ಎಡಗಡೆಯ ಹೊರಪಥವನ್ನು ಬಿಡದೆ, ಎರಡು ದಾರಿಗಳನ್ನು ದಾಟಿ, ಬಲಗಡೆಯ ದಾರಿಯವರೆಗೂ ಸುತ್ತಲು ಹೊರಡುತ್ತಾನೆ. ಆಗ ಕಚೇರಿಗೆ ಹೊರಟ ಕಾರಿನವನು ಒಳಪಥದಿಂದ, ಸೂಚನೆಯನ್ನೂ ಕೊಡದೆ, ಥಟ್ಟನೆ ಹೊರದಾರಿಗೆ ಅಡ್ಡ ತಿರುಗುತ್ತಾನೆ. ಕೂದಲೆಳೆಯ ಅಂತರದಲ್ಲಿ ಎರಡೂ ನಿಲ್ಲುತ್ತವೆ. "ಒಳಗಿನಿಂದ ಹಿಂಗೆ ನುಗ್ಗೋದಾ ಸ್ವಾಮಿ?" ಎಂದು ಒಬ್ಬನು, "ಬಲಕ್ಕೆ ಹೋಗೋನು ಎಡಕ್ಕೆ ಯಾಕಯ್ಯ ಅಂಟ್ಕೊಂಡಿದ್ದೆ?" ಎಂದು ಮತ್ತೊಬ್ಬನು. ಹಿಂದೆ ವಾಹನಗಳ ಸಾಲು ಬೆಳೆಯುತ್ತದೆ. ಆ ಸಾಲಿನಲ್ಲಿ ಹೆರಿಗೆಗೆಂದು ಆಸ್ಪತ್ರೆಗೆ ಹೊರಟ ಹೆಣ್ಣುಮಗಳೂ ಇದ್ದಾಳು.

ಇಬ್ಬರಲ್ಲಿ ತಪ್ಪು ಯಾರದು? ಭಾರತದಲ್ಲಿ ಸಂಚಾರವು ಎಡಬದಿಯದಾದುದರಿಂದ ವೃತ್ತವನ್ನು ಪ್ರದಕ್ಷಿಣವಾಗಿ ಸುತ್ತಬೇಕು. ಎಡಕ್ಕೆ ಹೋಗುವವನು ಎಡಪಥವನ್ನು ಹಿಡಿಯಬೇಕು. ಬಲಕ್ಕೆ ಹೋಗುವವನಾಗಲಿ, ಬಂದ ದಾರಿಗೇ ಮರಳುವವನಾಗಲಿ ನಡುಗಟ್ಟೆಯ ಹತ್ತಿರದ ಒಳಪಥದಲ್ಲಿದ್ದು, ತನ್ನ ದಾರಿಯ ಹಿಂದಿನ ದಾರಿ ಕಳೆದೊಡನೆ ಎಡಸೂಚನೆಯನ್ನು ಕೊಟ್ಟು, ಪಕ್ಕದವನನ್ನು ನೋಡಿಕೊಂಡು ಹೊರಬರಬೇಕು. ಪಥವನ್ನು ಬದಲಿಸುವವನ ಮೇಲೆಯೇ ಎಚ್ಚರದ ಹೊಣೆ. ಹಾಗಾದರೆ ಪಥವನ್ನು ತಪ್ಪಾಗಿ ಆರಿಸಿದವನು ರೈತ. ನೋಡದೆ ಪಥ ಬದಲಿಸಿದವನು ಕಾರಿನವನು. ಅವರು ಆಡಿದ ಮಾತುಗಳೆರಡೂ ಸತ್ಯ. ಆದರೆ ಒಬ್ಬೊಬ್ಬನೂ ಎದುರಿನವನ ವಿಷಯದಲ್ಲಿ ಸತ್ಯವನ್ನಾಡಿದನೇ ಹೊರತು ತನ್ನ ವಿಷಯದಲ್ಲಿ ಆಡಲಿಲ್ಲ. ಜಗಳದ ಬೇರು ಅಸತ್ಯವಲ್ಲ, ಅರ್ಧಸತ್ಯ. ಮೊದಲು ತನ್ನನ್ನು ನೋಡಿಕೊಳ್ಳಬೇಕೆಂಬ ಶರಣರ ಬೋಧೆಗೆ ಇದಕ್ಕಿಂತ ಹತ್ತಿರದ ಪಾಠಶಾಲೆ ಇನ್ನೊಂದಿಲ್ಲ.

ಇನ್ನು ಒಳಹೊಗುವ ಸಮಯದ ವಿವಾದ. "ನನ್ನದು ದೊಡ್ಡ ಗಾಡಿ", "ನಾನು ಮೊದಲು ಬಂದೆ" ಎಂಬ ವಾದಗಳು ಅಲ್ಲಿ ಕೇಳಿಬರುತ್ತವೆ. 1989ರ ರಸ್ತೆ ನಿಯಮವು, ಕಾವಲಿಲ್ಲದ ಕೂಡುದಾರಿಯಲ್ಲಿ ಮುಖ್ಯ ರಸ್ತೆಯ ವಾಹನಗಳಿಗೂ ಉಳಿದೆಡೆ ಬಲಗಡೆಯಿಂದ ಬರುವವರಿಗೂ ದಾರಿ ಬಿಡಬೇಕೆಂದು ಹೇಳಿತ್ತು. ಅದರ ಸ್ಥಾನದಲ್ಲಿ ಬಂದ 2017ರ ನಿಯಮವು ವೃತ್ತದೊಳಗೆ ಆಗಲೇ ಚಲಿಸುತ್ತಿರುವವನಿಗೆ ಆದ್ಯತೆಯನ್ನು ಕೊಟ್ಟಿದೆ. ಇದರ ಕಾರಣವನ್ನು ಇಂಗ್ಲೆಂಡಿನ ಅನುಭವವು ತಿಳಿಸುತ್ತದೆ. ಅಲ್ಲಿ ಹೊರಗಿನವರು ಒಳನುಗ್ಗಿದಂತೆಲ್ಲ ಒಳಗಿನವರು ಹೊರಬರಲಾರದೆ ವೃತ್ತವೇ ಬಿಗಿದುಕೊಳ್ಳುತ್ತಿತ್ತು. 1966ರಲ್ಲಿ, ಹೊಗುವವನು ಒಳಗಿರುವವನಿಗೆ ದಾರಿ ಕೊಡಬೇಕೆಂದು ವಿಧಿಸಿದ ಮೇಲೆ ಗಂಟು ಸಡಿಲಿತು. ತಾನು ಮುಂದಾಗಬೇಕೆಂದು ಎಲ್ಲರೂ ಹಟಹಿಡಿದಾಗ ಯಾರೂ ಮುಂದಾಗಲಿಲ್ಲ. ಕ್ಷಣಕಾಲ ತಡೆದು ನಿಂತಾಗ ಎಲ್ಲರೂ ಸಾಗಿದರು.

ಪ್ಯಾರಿಸ್ ನಗರದ ವಿಜಯದ್ವಾರದ ಸುತ್ತಲಿನ ಮಹಾವೃತ್ತದಲ್ಲಿ ಕ್ರಮವು ಇದಕ್ಕೆ ವಿರುದ್ಧ. ಅಲ್ಲಿ ಒಳಗಿರುವವನೇ ಹೊಗುವವನಿಗೆ ದಾರಿ ಬಿಡಬೇಕು. ಹಾಗಾದರೆ ನಿಯಮವು ಕೇವಲ ಮನುಷ್ಯರ ಒಪ್ಪಂದ, ಅದರಲ್ಲಿ ಧರ್ಮವೆಲ್ಲಿದೆ ಎಂದು ಶಂಕಿಸಬಹುದು. ಸಮಾಧಾನವಿಷ್ಟೆ: ಒಪ್ಪಂದವು ಲೌಕಿಕವಾದರೂ, ಅದನ್ನು ನಂಬಿ ಇನ್ನೊಬ್ಬನು ತನ್ನ ಪ್ರಾಣವನ್ನು ನಡುರಸ್ತೆಗೆ ತಂದಿರುತ್ತಾನೆ. ಆ ನಂಬಿಕೆಗೆ ದ್ರೋಹಮಾಡದಿರುವುದು ಧರ್ಮ. ನಿಯಮವು ದೇಶದಿಂದ ದೇಶಕ್ಕೆ ಬೇರೆಯಾದೀತು. ವಿಶ್ವಾಸಘಾತವು ಎಲ್ಲ ದೇಶದಲ್ಲಿಯೂ ಪಾಪವೇ.

ಮತ್ತೊಂದು ಶಂಕೆ ಇದಕ್ಕಿಂತ ಬಲವಾದುದು. ಸಜ್ಜನನು ಸದಾ ದಾರಿ ಬಿಡುತ್ತ ಹೋದರೆ ನುಗ್ಗುವವನಿಗೇ ಜಯವಲ್ಲವೆ? ಪಂಚಾಚಾರಗಳಲ್ಲಿ ಭೃತ್ಯಾಚಾರವು ವಿನಯವನ್ನು ಕಲಿಸುತ್ತದೆ. ಗಣಾಚಾರವು ಅನ್ಯಾಯವನ್ನು ಸಹಿಸಬೇಡವೆನ್ನುತ್ತದೆ. ಇವೆರಡೂ ಒಂದಕ್ಕೊಂದು ಪೂರಕ. ತನ್ನ ಸರದಿ ಬಂದಾಗಲೂ ವೃತ್ತದ ನಡುವೆ ನಿಂತು ಔದಾರ್ಯ ತೋರುವವನು ಹಿಂದಿನವರನ್ನು ಅಪಾಯಕ್ಕೆ ದೂಡುತ್ತಾನೆ. ಅದು ವಿನಯವಲ್ಲ, ವಿವೇಕಹೀನತೆ. ಸರದಿ ತನ್ನದಾದಾಗ ಸಾಗಬೇಕು. ಎದುರಿನವನು ನಿಯಮ ಮೀರಿ ನುಗ್ಗಿದರೆ, ಆ ಕ್ಷಣದಲ್ಲಿ ತಡೆದು ನಿಂತು ಪ್ರಾಣವನ್ನು ಉಳಿಸಬೇಕು. ತಪ್ಪನ್ನು ಆಮೇಲೆ ಸಂಚಾರಿ ಪೊಲೀಸರಿಗೆ ತಿಳಿಸಬಹುದು. ವಾಹನವನ್ನೇ ಆಯುಧವಾಗಿ ಹಿಡಿದು ನ್ಯಾಯ ಸ್ಥಾಪಿಸಹೊರಟವನು ನ್ಯಾಯಾಧೀಶನಾಗಲಾರ, ಇನ್ನೊಬ್ಬ ಅಪರಾಧಿಯಾಗುತ್ತಾನೆ. ಅಂಜಿ ಬಿಡುವುದು ಬೇರೆ, ಅರಿತು ಬಿಡುವುದು ಬೇರೆ.

ಪೂಜೆಯಲ್ಲಿ ಕಣ್ಮುಚ್ಚಿ ಕುಳಿತಾಗ ಶಾಂತನಾಗಿರುವುದು ಸುಲಭ. ಹರಾಜಿಗೆ ಹೊತ್ತಾಗಿರುವಾಗ, ಕಚೇರಿಯ ಗಂಟೆ ಸಮೀಪಿಸಿರುವಾಗ, ಅಡ್ಡ ಬಂದವನ ಮುಖವನ್ನು ನೋಡಿ ಬೈಗುಳನ್ನು ನುಂಗುವುದು ಕಷ್ಟ. ನಡೆಯೊಡನೆ ಕೂಡದ ನುಡಿಯನ್ನು ಶರಣರು ಒಪ್ಪಲಿಲ್ಲ. ಮಗನ ಕೈಗೆ ಬೈಕಿನ ಕೀಲಿಯನ್ನು ಕೊಡುವ ತಂದೆ, ಎಡವಾವುದು ಬಲವಾವುದು ಎಂಬುದರ ಜೊತೆಗೆ ಇದನ್ನೂ ಹೇಳಿಕೊಡಲಿ. ಹೇಳುವುದಕ್ಕಿಂತ ಮೊದಲು ತಾನು ನಡೆದು ತೋರಿಸಲಿ.